ಟವಲ್ ಕೆಳಗಿನ ಎಕ್ಸ್

ನನಗೆ ಮುಂಗೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಹತ್ತಿರ ಲೆಕ್ಕ ಕಲಿತ ಯಾರನ್ನು ಕೇಳಿದರೂ ಮೊದಲು ಅದನ್ನೇ ಹೇಳುತ್ತಾರೆ. ಕೋಪದಲ್ಲಿ ಸೀಮೆಸುಣ್ಣ ಎಸೆದಿದ್ದೇನೆ, ಪುಸ್ತಕ ಎಸೆದಿದ್ದೇನೆ, ಒಮ್ಮೆ ನನ್ನದೇ ಊಟದ ಡಬ್ಬಿಯನ್ನೂ ಎಸೆದಿದ್ದೇನೆ. ಅದಕ್ಕೆಲ್ಲ ಮಕ್ಕಳು ಆಮೇಲೆ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ನನ್ನ ಇಪ್ಪತ್ತು ಚಿಲ್ಲರೆ ವರ್ಷದ ಮೇಷ್ಟ್ರಿಕೆಯಲ್ಲಿ ಮರೆಯಲಾಗದ ತಪ್ಪನ್ನು ನಾನು ಮಾಡಿದ್ದು ಕೋಪದಲ್ಲಲ್ಲ, ಖುಷಿಯಲ್ಲಿ.

ಆಗ ನಾನು ಕೋಲಾರದಲ್ಲಿ ಮನೆ ಮಾಡಿಕೊಂಡು, ದಿನಾ ಶ್ರೀನಿವಾಸಪುರದ ಬಸ್ಸು ಹಿಡಿದು, ಅಲ್ಲಿಂದ ಮುಳಬಾಗಿಲು ಕಡೆಯ ಆಟೊದಲ್ಲಿ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ಹೋಗುತ್ತಿದ್ದೆ. ಟೊಮೆಟೊ ಕ್ರೇಟು ಹೊತ್ತ ಗಾಡಿಗಳು ಎದುರಿಗೆ ಬರುತ್ತಿದ್ದವು, ನಾವು ಅವಕ್ಕೆ ದಾರಿ ಬಿಟ್ಟು ಬಿಟ್ಟು ಹೋಗುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಒಂಬತ್ತನೇ ತರಗತಿಯಲ್ಲಿ ಮೂವತ್ತನಾಲ್ಕು ಮಕ್ಕಳು. ಅರ್ಧಕ್ಕೂ ಹೆಚ್ಚು ಮಂದಿಗೆ ಮನೆಯಲ್ಲಿ ತೆಲುಗು, ಆರೇಳು ಮಂದಿಗೆ ದಖನಿ ಉರ್ದು, ಉಳಿದವರಿಗೆ ಕನ್ನಡ. ಮೂರೂ ಭಾಷೆಯವರಿಗೆ ಬೀಜಗಣಿತ ಮಾತ್ರ ಒಂದೇ ಸಮನಾಗಿ ಅರ್ಥವಾಗುತ್ತಿರಲಿಲ್ಲ.

"ಮಿಸ್, ಈ ಎಕ್ಸ್ ಎಷ್ಟು ಅಂತ ನಿಮಗೆ ಗೊತ್ತಲ್ಲ, ಸುಮ್ನೆ ಹೇಳಿಬಿಡಿ, ನಾವು ಬರ್ಕೊಂತೀವಿ" ಎಂದು ಹಿಂದಿನ ಬೆಂಚಿನವನೊಬ್ಬ ಹೇಳಿದಾಗ ನನಗೆ ರೇಗಿಹೋಯಿತು. ಆದರೆ ಸಂಜೆ ಬಸ್ಸಿನಲ್ಲಿ ಕೂತು ಯೋಚಿಸಿದಾಗ ಅವನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಗೊತ್ತಿರುವವರು ಮುಚ್ಚಿಟ್ಟುಕೊಂಡು ಗೊತ್ತಿಲ್ಲದವರನ್ನು ಗೋಳು ಹೊಯ್ದುಕೊಳ್ಳುವುದು ಯಾವ ನ್ಯಾಯ? ಮುಚ್ಚಿಡುವುದಕ್ಕೆ ಒಂದು ಕಾರಣ ಇರಬೇಕು. ಕಾರಣ ಇದ್ದರೆ ಹುಡುಕುವುದಕ್ಕೂ ಆಸೆ ಬರುತ್ತದೆ.

ಆಗ ನನ್ನ ತಾತ ನೆನಪಾದರು. ನಾನು ಹುಟ್ಟಿ ಬೆಳೆದದ್ದು ಮಾಲೂರು ತಾಲ್ಲೂಕು, ಟೇಕಲ್ ಪಕ್ಕದ ಹಳ್ಳಿಯಲ್ಲಿ. ತಾತ ದನದ ಸಂತೆಯಲ್ಲಿ ದಲ್ಲಾಳಿ. ಕೊಳ್ಳುವವನು, ಮಾರುವವನು ಇಬ್ಬರೂ ಅವರ ಹತ್ತಿರ ಬಂದು ನಿಂತರೆ ತಾತ ಹೆಗಲ ಮೇಲಿನ ಟವಲ್ ತೆಗೆದು ಕೈ ಮೇಲೆ ಹಾಕಿಕೊಳ್ಳುತ್ತಿದ್ದರು. ಒಬ್ಬೊಬ್ಬರಾಗಿ ಆ ಟವಲ್ ಕೆಳಗೆ ಕೈ ಇಟ್ಟು, ತಾತನ ಬೆರಳು ಹಿಡಿದು ಒತ್ತಿ ತಮ್ಮ ಬೆಲೆ ಹೇಳುತ್ತಿದ್ದರು. ಬಾಯಲ್ಲಿ ಮಾತಿಲ್ಲ, ಮುಖದಲ್ಲಿ ಏನೂ ಇಲ್ಲ. ಸುತ್ತ ಐವತ್ತು ಜನ ನಿಂತು ನೋಡುತ್ತಿದ್ದರೂ ಎತ್ತುಗಳ ಬೆಲೆ ಎಷ್ಟಕ್ಕೆ ಕುದುರಿತೆಂದು ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಒಮ್ಮೆ ಕುತೂಹಲ ತಡೆಯಲಾರದೆ ಆ ಟವಲ್ಲಿನ ತುದಿ ಎತ್ತಿಬಿಟ್ಟಿದ್ದೆ. ತಾತ ನನಗೆ ಹೊಡೆದದ್ದು ಅದೊಂದೇ ಸಲ.

ಮಾರನೆಯ ದಿನ ಸ್ಟಾಫ್ ರೂಮಿನಿಂದ ಕೈ ಒರೆಸುವ ಟವಲ್ ಎತ್ತಿಕೊಂಡು ತರಗತಿಗೆ ಹೋದೆ. ಇಬ್ಬರನ್ನು ಕರೆದು ಟವಲ್ ಕೆಳಗೆ ಬೆರಳು ಹಿಡಿಸಿದೆ. "ಇವನು ಹಿಡಿದಿರೋ ಬೆರಳಿನ ಎರಡರಷ್ಟಕ್ಕೆ ಮೂರು ಸೇರಿಸಿದ್ರೆ ಹನ್ನೊಂದು. ಟವಲ್ ಎತ್ತದೆ ಹೇಳಿ, ಎಷ್ಟು ಬೆರಳು?" ಎಂದೆ. ತರಗತಿ ಲೆಕ್ಕ ಹಾಕಿ "ನಾಲ್ಕು!" ಎಂದು ಕೂಗಿತು. ಎಕ್ಸ್ ಅಂದರೆ ಇಷ್ಟೇ, ಟವಲ್ ಕೆಳಗಿನ ಬೆರಳು ಅಂದೆ. ತಾತನಿಂದ ಏಟು ತಿಂದ ಕತೆಯನ್ನೂ ಹೇಳಿದೆ. ಲೆಕ್ಕ ಮಾಡಿ ತಿಳಿದುಕೊಳ್ಳಬಹುದು, ಟವಲ್ ಎತ್ತಿ ಮಾತ್ರ ನೋಡಬಾರದು ಎಂದು ದೊಡ್ಡದಾಗಿ ಉಪದೇಶ ಬೇರೆ ಮಾಡಿದೆ.

ಅಲ್ಲಿಂದ ಗುಟ್ಟು ಬರಹಕ್ಕೆ ಹೋಗುವುದು ಕಷ್ಟವಾಗಲಿಲ್ಲ. ಕನ್ನಡದ ಒತ್ತು, ಗುಣಿತಕ್ಕೆಲ್ಲ ಅಂಕಿ ಕೊಡುತ್ತಾ ಕೂತರೆ ವರ್ಷವೇ ಸಾಲದು. ಆದರೆ ಈ ಮಕ್ಕಳು ಮನೆಯ ಫೋನಿನಲ್ಲಿ ಮೆಸೇಜು ಮಾಡುವಾಗ ಕನ್ನಡ, ತೆಲುಗು, ದಖನಿ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದರು. ಅದನ್ನೇ ಹಿಡಿದುಕೊಂಡೆ. A ಅಂದರೆ ಒಂದು, B ಅಂದರೆ ಎರಡು, ಹೀಗೆ Z ಗೆ ಇಪ್ಪತ್ತಾರು. ಆ ಅಂಕಿಯನ್ನು ಇಷ್ಟರಿಂದ ಗುಣಿಸು, ಇಷ್ಟು ಕೂಡಿಸು. ಆ ಎರಡು 'ಇಷ್ಟು'ಗಳೇ ಬೀಗದ ಕೈ. ಮೊದಲ ದಿನ ಬೋರ್ಡಿನ ಮೇಲೆ ಬರೀ ಅಂಕಿಗಳನ್ನು ಬರೆದು, ಮೂರರಿಂದ ಗುಣಿಸಿ ಎರಡು ಕೂಡಿಸಿದ್ದೇನೆ, ಬಿಡಿಸಿಕೊಳ್ಳಿ ಎಂದು ಹೊರಗೆ ಹೋಗಿ ನಿಂತೆ. ಹತ್ತು ನಿಮಿಷಕ್ಕೆ ಒಳಗಿನಿಂದ ಕೇಕೆ ಕೇಳಿಸಿತು. ನಾಳೆ ಹೋಂವರ್ಕ್ ಇಲ್ಲ ಎಂದು ಬರೆದಿದ್ದೆ.

ಆಮೇಲೆ ನೋಡಬೇಕಿತ್ತು. ಎರಡನ್ನು ಕಳೆದು ಮೂರರಿಂದ ಭಾಗಿಸುವುದು ಯಾಕೆಂದು ಮೂರು ತಿಂಗಳು ಬಡಿದುಕೊಂಡರೂ ತಲೆಗೆ ಹೋಗದವರು, ಈಗ ನೀರು ಕುಡಿದ ಹಾಗೆ ಸಮೀಕರಣ ಬಿಡಿಸತೊಡಗಿದರು. ಊಟದ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ, ಸೈಕಲ್ ನಿಲ್ಲಿಸುವ ಕಡೆ, ಎಲ್ಲೆಲ್ಲೂ ಅಂಕಿ ಬರೆದ ಚೀಟಿಗಳು. ಗೆಳತಿಯರು ಇಬ್ಬಿಬ್ಬರೇ ಸೇರಿ ತಮ್ಮದೇ ಬೀಗದ ಕೈ ಮಾಡಿಕೊಂಡರು. ನನಗೆ ಕೊಂಬು ಬಂದಿತ್ತು. ಬೇರೆ ಶಾಲೆಯ ಲೆಕ್ಕದ ಮೇಷ್ಟರು ಸಿಕ್ಕರೆ ಕೇಳದಿದ್ದರೂ ಹೇಳಿಕೊಳ್ಳುತ್ತಿದ್ದೆ.

ಹಾಗೆ ಜೋಡಿಯಾದವರಲ್ಲಿ ಮೂರನೇ ಬೆಂಚಿನ ಇಬ್ಬರು ಹುಡುಗಿಯರಿದ್ದರು. ಒಬ್ಬಳು ರೇಷ್ಮೆ ಸಾಕುವವರ ಮನೆಯವಳು. ಮಾತು ಕಡಿಮೆ, ಅಕ್ಷರ ದುಂಡಗೆ. ಇನ್ನೊಬ್ಬಳ ತಂದೆಗೆ ಊರಿನಲ್ಲಿ ಗಾಡಿ ರಿಪೇರಿ ಅಂಗಡಿ. ಅವಳ ಬಾಯಿಗೆ ಬೀಗವೇ ಇರಲಿಲ್ಲ. ಮನೆಯಲ್ಲಿ ಮೊದಲನೆಯವಳದು ತೆಲುಗು, ಎರಡನೆಯವಳದು ದಖನಿ. ಇಬ್ಬರ ಗುಟ್ಟು ಮಾತ್ರ ಕನ್ನಡದಲ್ಲಿ.

ಒಂದು ದಿನ ಎರಡು ಸಮೀಕರಣ, ಎರಡು ಚರಾಕ್ಷರದ ಪಾಠ ಶುರು ಮಾಡಬೇಕಿತ್ತು. ನಾನು ಬೋರ್ಡು ಒರೆಸಿ ತಿರುಗುವಷ್ಟರಲ್ಲಿ ರೇಷ್ಮೆ ಮನೆಯವಳ ಕೈಯಿಂದ ಮಾತಿನಮಲ್ಲಿಯ ಕೈಗೆ ಒಂದು ಚೀಟಿ ಹೋಗುವುದು ಕಾಣಿಸಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೋಗಿ ಚೀಟಿ ತೆಗೆದುಕೊಂಡೆ, ಎರಡು ಸಾಲು ಅಂಕಿ ಇತ್ತು. "ಆಹಾ, ಪಾಠಕ್ಕೆ ಸರಿಯಾಗಿ ಸಿಕ್ತು. ಬೀಗದ ಕೈ ಇಲ್ಲದೆ ಬೀಗ ತೆಗೆಯೋದು ಹೆಂಗೆ ಅಂತ ಇವತ್ತು ತೋರಿಸ್ತೀನಿ" ಎಂದು ಎರಡೂ ಸಾಲನ್ನು ಬೋರ್ಡಿಗೆ ಇಳಿಸಿದೆ.

"ಮಿಸ್, ಅದು ಬೇಡ ಮಿಸ್" ಎಂದಳು ಮಾತಿನಮಲ್ಲಿ. ನಾನು ನಗುತ್ತಾ ಕೂತ್ಕೋ ಅಂದೆ. ಚೀಟಿ ಬರೆದವಳು ತನ್ನ ಪುಸ್ತಕ ಮುಚ್ಚಿದಳು.

ಐದು ಎನ್ನುವ ಅಂಕಿ ಐದು ಸಲ ಬಂದಿತ್ತು. ನಮ್ಮ ಮಾತಿನಲ್ಲಿ ಹೆಚ್ಚು ಸಲ ಬರುವ ಅಕ್ಷರ A, ಆದ್ದರಿಂದ ಐದು ಅಂದರೆ A ಇರಬಹುದು ಎಂದೆ. ಇನ್ನೊಂದು ಅಕ್ಷರ ಗೊತ್ತಾದರೆ ಎರಡು ಸಮೀಕರಣ ಸಿಗುತ್ತದೆ. ಎರಡನೇ ಸಾಲು 5, 29, 29, 5 ಎಂದು ಶುರುವಾಗುತ್ತಿತ್ತು. ಎರಡು ತುದಿಗೂ A, ನಡುವೆ ಒಂದೇ ಅಕ್ಷರ ಎರಡು ಸಲ. "ಅಪ್ಪ!" ಎಂದ ಒಬ್ಬ. P ಗೆ ಹದಿನಾರು ಹಾಕಿ ಕಳೆದೆವು, ಹದಿನೈದರಿಂದ ಇಪ್ಪತ್ತನಾಲ್ಕನ್ನು ಭಾಗಿಸಬೇಕಾಯಿತು, ಬರಲಿಲ್ಲ. "ಅಕ್ಕ" ಎಂದರು, ಬರಲಿಲ್ಲ. ಅಣ್ಣನೂ ಬರಲಿಲ್ಲ, ಅಜ್ಜನೂ ಬರಲಿಲ್ಲ. ಅಮ್ಮ ಎಂದಾಗ ಹನ್ನೆರಡರಿಂದ ಇಪ್ಪತ್ತನಾಲ್ಕು ಸರಿಯಾಗಿ ಎರಡು ಸಲ ಹೋಯಿತು. ಎರಡರಿಂದ ಗುಣಿಸಿ, ಮೂರು ಕೂಡಿಸು. ಬೀಗ ತೆರೆಯಿತು. ಅಷ್ಟು ಅಂದವಾಗಿ ಒಂದು ಲೆಕ್ಕ ಕೂಡಿಬಂದದ್ದನ್ನು ನಾನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ. ಮಕ್ಕಳು ಡೆಸ್ಕು ಗುದ್ದುತ್ತಿದ್ದರು.

"ಈಗ ಮೇಲಿನ ಸಾಲಿಂದ ಬನ್ನಿ" ಎಂದೆ. ಅವರು ಒಂದೊಂದೇ ಅಕ್ಷರ ಕೂಗಿದರು, ನಾನು ಬರೆಯುತ್ತಾ ಹೋದೆ. ಯಾರಿಗೂ ಹೇಳ್ಬೇಡ.

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಈಗಲೂ ನನಗೆ ಅರ್ಥವಾಗದಿರುವುದು ಇದೇ. ಅಷ್ಟು ಸ್ಪಷ್ಟವಾಗಿ, ನನ್ನ ಕೈಯಿಂದಲೇ, ಬಿಳಿ ಅಕ್ಷರದಲ್ಲಿ ಬರೆದ ಆ ಎರಡು ಪದ ನನ್ನ ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ನಾನು ಎರಡನೇ ಸಾಲಿಗೆ ಹೋದೆ. ಅಮ್ಮ ಆಗಲೇ ಇದ್ದಳು. ಮುಂದಿನ ನಾಲ್ಕು ಅಕ್ಷರ ಸೇರಿ ಮನೆ ಆಯಿತು. ಅದರ ಮುಂದಿನದರಲ್ಲಿ B, I ಬರೆಯುವಷ್ಟರಲ್ಲಿ ಕೂಗುವ ಸದ್ದು ಒಂದೊಂದಾಗಿ ಕಡಿಮೆಯಾಯಿತು. ಮಕ್ಕಳು ನನಗಿಂತ ಚುರುಕು, ತಮ್ಮ ಪುಸ್ತಕದಲ್ಲಿ ಆಗಲೇ ಕೊನೆಯವರೆಗೂ ಬಿಡಿಸಿ ಮುಗಿಸಿದ್ದರು. ಅಮ್ಮ ಮನೆ ಬಿಟ್ಟು ಹೋದ್ಲು.

ಡಸ್ಟರ್ ಎತ್ತಿಕೊಂಡು ಒರೆಸಿದೆ. ಬೋರ್ಡು ಒರೆಸಿ ಏನು ಬಂತು? ತಿರುಗಿ ನೋಡುವ ಧೈರ್ಯ ಬರಲಿಲ್ಲ. ತಿರುಗಿದಾಗ ಚೀಟಿ ಬರೆದವಳು ಬ್ಯಾಗಿಗೆ ಪುಸ್ತಕ ತುಂಬುತ್ತಿದ್ದಳು, ಒಂದರ ಮೇಲೊಂದು, ನೀಟಾಗಿ. ಹೊರಗೆ ಹೋಗುವಾಗ ಬಾಗಿಲಲ್ಲಿ ನಿಂತು "ಹೋಗ್ತೀನಿ ಮಿಸ್" ಎಂದು ಹೇಳಿಯೇ ಹೋದಳು. ಗಂಟೆ ಹೊಡೆದ ಮೇಲೆ ಮಾತಿನಮಲ್ಲಿ ನನ್ನ ಮೇಜಿನ ಹತ್ತಿರ ಬಂದಳು. ಅವಳಿಗೆ ಅಳು ತಡೆಯಲಾಗುತ್ತಿರಲಿಲ್ಲ. "ನೀವೇ ಹೇಳಿದ್ರಿ, ನೀವೇ ಟವಲ್ ಎತ್ತಿಬಿಟ್ರಿ ಮಿಸ್" ಎಂದಳು. ತಾತನ ಏಟಿಗಿಂತ ಅದು ಜೋರಾಗಿ ಬಿತ್ತು.

ಮರುದಿನ ರೇಷ್ಮೆ ಮನೆಯವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮನೆಯವರ ಮೇಲೆ ರೇಗಾಡಿದೆ, ಬಸ್ಸಿನ ಕಂಡಕ್ಟರ್ ಮೇಲೆ ರೇಗಾಡಿದೆ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟ ಹೆಣ್ಣುಮಗಳನ್ನು ಮತ್ತೆ ಬೆಂಚಿಗೆ ತರುವುದು ಎಷ್ಟು ಕಷ್ಟ ಎಂದು ನನಗೆ ಚೆನ್ನಾಗಿ ಗೊತ್ತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ದಾರಿ ತೋರಿಸು ಬಾ ಎಂದು ಅವಳ ಗೆಳತಿಯನ್ನೇ ಕರೆದುಕೊಂಡು ಹೊರಟೆ.

ಮನೆ ಊರಾಚೆ, ಹಿಪ್ಪುನೇರಳೆ ತೋಟದ ತುದಿಯಲ್ಲಿ. ಮನೆಗೆ ಅಂಟಿಕೊಂಡಂತೆ ರೇಷ್ಮೆ ಹುಳದ ಮನೆ. ಗೆಳತಿ ಹೊರಗೇ ಕಟ್ಟೆಯ ಮೇಲೆ ಕೂತಳು. ಸಿಕ್ಕಸಿಕ್ಕವರು ಹುಳದ ಮನೆಗೆ ಕಾಲಿಡುವಂತಿಲ್ಲ, ರೋಗ ಹತ್ತುತ್ತದೆ, ಇದು ನನಗೂ ಗೊತ್ತು. ಬಾಗಿಲಲ್ಲಿ ನಿಂತು ಕರೆದೆ. ಅವಳು ಹೊರಗೆ ಬಂದು ನನ್ನನ್ನು ನೋಡಿದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಬಂದದ್ದು ಒಳ್ಳೆಯದಾಯಿತು ಎನ್ನುವುದೂ ಇರಲಿಲ್ಲ.

"ಹುಳ ಹಣ್ಣಾಗ್ಬಿಟ್ಟವೆ ಮಿಸ್. ಅಪ್ಪ ಇನ್ನಷ್ಟು ಚಂದ್ರಿಕೆ ತರಕ್ಕೆ ಹೋಗವ್ನೆ. ಬರೋದಾದ್ರೆ ಕೈಕಾಲು ತೊಳ್ಕೊಂಡು ಬನ್ನಿ" ಎಂದು ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬಕೆಟ್ ತೋರಿಸಿದಳು.

ತೊಳೆದುಕೊಂಡು ಒಳಗೆ ಹೋದೆ. ಹಣ್ಣಾದ ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ತಡಮಾಡಿದರೆ ಸೊಪ್ಪಿನ ಮೇಲೇ ನೂಲು ಬಿಟ್ಟು ಎಲ್ಲ ಹಾಳು. ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಸುರುಳಿ ಹೆಣೆದ ಬಿದಿರು ತಟ್ಟಿಗೆ, ಬಿಡಬೇಕು. ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸವದು. ಅವಳೊಬ್ಬಳೇ ಮಾಡುತ್ತಿದ್ದಳು. ನಾನು ಸೆರಗು ಸಿಕ್ಕಿಸಿಕೊಂಡು ಪಕ್ಕ ಕೂತೆ.

"ಆ ಚೀಟಿ ನಾನು ಬೋರ್ಡ್ ಮೇಲೆ ಬರೀಬಾರದಿತ್ತು. ನನ್ನದು ತಪ್ಪಾಯ್ತು ಕಣೇ" ಎಂದೆ.

ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. "ಅದು ಇನ್ನೂ ಹಣ್ಣಾಗಿಲ್ಲ ಮಿಸ್, ಅದನ್ನ ಬಿಡಿ" ಎಂದಳು. ಬಿಟ್ಟೆ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಬೆಳಕಿಗೆ ಹಿಡಿದು ತೋರಿಸಿದಳು, ಹಣ್ಣಾದದ್ದರ ಮೈ ಒಳಗಿನ ತನಕ ತಿಳಿಯಾಗಿ ಕಾಣುತ್ತಿತ್ತು. ಒಂದರ್ಧ ಗಂಟೆ ಇಬ್ಬರೂ ಹುಳ ಆರಿಸಿದೆವು.

ಆಮೇಲೆ ಅವಳೇ ಶುರು ಮಾಡಿದಳು. "ಅಜ್ಜಿಗೆ ಹುಷಾರಿಲ್ಲ, ಅಮ್ಮ ಮದನಪಲ್ಲಿಗೆ ತವರಿಗೆ ಹೋಗವ್ಳೆ ಅಂತ ಅಪ್ಪ ಊರಿಗೆಲ್ಲ ಹೇಳವ್ನೆ. ನಾನೂ ಅಂಗೇ ಹೇಳ್ತಿದ್ದೆ. ಇವಳೊಬ್ಬಳಿಗೆ ಮಾತ್ರ ನಿಜ ಹೇಳೋಣ ಅಂತ ಬರ್ದೆ."

"ಅಮ್ಮ ಫೋನ್ ಮಾಡ್ತಾಳಾ?"

"ಮಾಡ್ತಾಳೆ. ಎಲ್ಲವ್ಳೆ ಅಂತ ಹೇಳಲ್ಲ. ನೀನು ಸ್ಕೂಲಿಗೆ ಹೋಗ್ತಿದ್ದೀಯಾ ಅಂತ ಕೇಳ್ತಾಳೆ." ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟಳು. "ಅಮ್ಮ ವಾಪಸ್ ಬರೋವಾಗ ಯಾರೂ ಏನೂ ಅನ್ಬಾರ್ದು ಮಿಸ್. ತವರಿಂದ ಬಂದಂಗೆ ಬಂದ್ಬಿಡ್ಬೇಕು. ಅದಕ್ಕೇ ಮುಚ್ಚಿಟ್ಟಿದ್ದೆ. ಈಗ ಎಲ್ರಿಗೂ ಗೊತ್ತಾಗೋಯ್ತು. ಇನ್ನು ಹೆಂಗೆ ಬರ್ತಾಳೆ?"

ಅವಳು ನಾಚಿಕೆಯಿಂದ ಬಚ್ಚಿಟ್ಟಿದ್ದಾಳೆ ಎಂದುಕೊಂಡಿದ್ದೆ. ಮಗುವಿಗೆ ಅವಮಾನವಾಯಿತು, ಸಮಾಧಾನ ಮಾಡಿದರೆ ಸರಿಹೋಗುತ್ತದೆ ಎಂದುಕೊಂಡು ಬಂದಿದ್ದೆ. ಹದಿನಾಲ್ಕು ವರ್ಷದ ಈ ಹುಡುಗಿ ತಾಯಿ ತಿರುಗಿ ಬರುವುದಕ್ಕೆ ಒಂದು ದಾರಿ ಉಳಿಸಿಕೊಂಡಿದ್ದಳು. ಆ ದಾರಿಯನ್ನು ನಾನು ಮೂವತ್ತನಾಲ್ಕು ಮಕ್ಕಳ ಎದುರಿಗೆ, ನಗುನಗುತ್ತಾ ಮುಚ್ಚಿಬಿಟ್ಟಿದ್ದೆ. ನನಗೆ ಅಳು ಬಂದುಬಿಟ್ಟಿತು. ಹುಳದ ಮನೆಯಲ್ಲಿ ಕಣ್ಣೊರೆಸಿಕೊಳ್ಳುವ ಹಾಗೂ ಇಲ್ಲ, ಕೈಗೆ ಬ್ಲೀಚಿಂಗ್ ನೀರು. ಅವಳು ತನ್ನ ತೋಳಿನಿಂದ ನನ್ನ ಕೆನ್ನೆ ಒರೆಸಿ, ಮತ್ತೆ ಆರಿಸಲು ಕೂತಳು.

ವಾಪಸು ಬರುವಾಗ ಗೆಳತಿಗೆ ಹೇಳಿದೆ, "ಸೋಮವಾರ ಕ್ಲಾಸಲ್ಲಿ ಎಲ್ರಿಗೂ ಹೇಳ್ತೀನಿ, ಯಾರೂ ಈ ವಿಷಯ ಬಾಯಿ ಬಿಡಬಾರದು ಅಂತ."

"ಬೇಡ ಮಿಸ್. ನೀವು ಹೇಳಿದ್ರೆ ಅದು ದೊಡ್ಡ ವಿಷಯ ಆಗೋಗ್ತದೆ. ನೀವು ಸುಮ್ನಿರಿ" ಎಂದಳು ಅವಳು. ಜೀವನದಲ್ಲಿ ನಾನು ಒಬ್ಬ ವಿದ್ಯಾರ್ಥಿಯ ಮಾತು ಕೇಳಿ ಬಾಯಿ ಮುಚ್ಚಿಕೊಂಡದ್ದು ಅದೇ ಮೊದಲು.

ಗೂಡು ಬಿಡಿಸಿ ಮಾರ್ಕೆಟ್ಟಿಗೆ ಕಳಿಸಿದ ಮೇಲೆ ಅವಳು ಶಾಲೆಗೆ ಬಂದಳು. ಮೂರನೇ ಬೆಂಚಿನಲ್ಲಿ ಕೂತಳು. ಕೊಟ್ಟ ಲೆಕ್ಕವನ್ನೆಲ್ಲ ಮಾಡಿದಳು, ಕರೆದರೆ ಎದ್ದು ಉತ್ತರ ಹೇಳಿದಳು. ಆದರೆ ನನ್ನ ಮುಖ ನೋಡುತ್ತಿರಲಿಲ್ಲ. ಬೋರ್ಡು ನೋಡುತ್ತಿದ್ದಳು, ಪುಸ್ತಕ ನೋಡುತ್ತಿದ್ದಳು, ನಡುವೆ ನಾನೊಬ್ಬಳು ಇಲ್ಲವೇ ಇಲ್ಲ ಎನ್ನುವ ಹಾಗೆ. ನಾನು ಗುಟ್ಟು ಬರಹದ ಲೆಕ್ಕ ಕೊಡುವುದನ್ನು ನಿಲ್ಲಿಸಿಬಿಟ್ಟೆ. ಯಾಕೆ ಮಿಸ್ ಎಂದು ಒಬ್ಬರೂ ಕೇಳಲಿಲ್ಲ. ಚೀಟಿಗಳೂ ತಾವಾಗಿಯೇ ನಿಂತವು. ಊರಿನಲ್ಲಿ ಏನೇನು ಮಾತಾಡಿಕೊಳ್ಳುತ್ತಿದ್ದಾರೋ ಎಂದು ನಾನು ಆಟೊದಲ್ಲಿ, ಅಂಗಡಿಯಲ್ಲಿ ಕಿವಿ ತೆರೆದುಕೊಂಡೇ ಇರುತ್ತಿದ್ದೆ. ಏನೂ ಕೇಳಿಸಲಿಲ್ಲ. ನನ್ನ ಎದುರಿಗೆ ಯಾಕೆ ಆಡುತ್ತಾರೆ ಎಂದುಕೊಂಡೆ.

ನಾಲ್ಕು ತಿಂಗಳಾದ ಮೇಲೆ ಪೋಷಕರ ಸಭೆ. ಹನ್ನೊಂದರ ಹೊತ್ತಿಗೆ ರೇಷ್ಮೆ ಮನೆಯ ಹುಡುಗಿ ಒಬ್ಬ ಹೆಂಗಸಿನ ಜೊತೆ ಗೇಟಿನೊಳಗೆ ಬರುವುದು ಕಾಣಿಸಿತು. ಅದೇ ದುಂಡು ಮುಖ, ಅದೇ ನಡಿಗೆ. ವರಾಂಡದಲ್ಲಿ ಆ ಊರಿನ ಏಳೆಂಟು ತಾಯಂದಿರು ಕೂತಿದ್ದರು. ಒಬ್ಬೊಬ್ಬರ ಮಗನೋ ಮಗಳೋ ಆ ದಿನ ನನ್ನ ತರಗತಿಯಲ್ಲಿ ಕೂತು ಕೊನೆಯ ಅಕ್ಷರದವರೆಗೂ ಬಿಡಿಸಿದ್ದವರು.

ಒಬ್ಬಾಕೆ ತಲೆ ಎತ್ತಿ ನೋಡಿ, ಜಾಗ ಬಿಟ್ಟು ಸರಿದು ಕೂತರು. "ಏನಮ್ಮಾ, ಯಾವಾಗ ಬಂದೆ ಮದನಪಲ್ಲಿಯಿಂದ? ನಿಮ್ಮಮ್ಮ ಎದ್ದು ಓಡಾಡ್ತವ್ರಾ? ಪಾಪ, ಎಷ್ಟು ದಿನ ನೋಡ್ಕೊಂಡೆ ನೀನು!"

ಆಕೆಯ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕು ಇದ್ದರೆ ನನಗೆ ತಕ್ಷಣ ಗೊತ್ತಾಗುತ್ತದೆ, ನಾನೇ ಅದರಲ್ಲಿ ಪಳಗಿದವಳು. ಆಕೆಗೆ ನಿಜವಾಗಿಯೂ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಆಕೆಯ ಮಗ, ಎಕ್ಸ್ ಎಷ್ಟು ಅಂತ ಹೇಳಿಬಿಡಿ ಎಂದಿದ್ದವನು, ಕಂಬಕ್ಕೆ ಒರಗಿ ನಿಂತು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಕಿಟಕಿಯಲ್ಲಿ ಇನ್ನೂ ಹತ್ತಾರು ತಲೆಗಳು. ಗಾಡಿ ರಿಪೇರಿಯವರ ಮಗಳು ಅವುಗಳ ನಡುವೆ ನಿಂತು ಒಬ್ಬೊಬ್ಬರ ಮುಖವನ್ನೂ ಸರದಿಯಲ್ಲಿ ನೋಡುತ್ತಿದ್ದಳು. ಒಂದು ಪೆನ್ಸಿಲ್ ಕಳೆದುಹೋದರೆ ಊರಿಗೆಲ್ಲ ಸಾರುವ ಮಕ್ಕಳು ನಾಲ್ಕು ತಿಂಗಳು ತಮ್ಮ ತಾಯಂದಿರಿಗೂ ಹೇಳದೆ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು. ಯಾರೂ ಅವರಿಗೆ ಪಾಠ ಮಾಡಿರಲಿಲ್ಲ. ನಾನಂತೂ ಮಾಡಿರಲಿಲ್ಲ.

ತಾಯಿ ಮಗಳು ನನ್ನ ಮೇಜಿನ ಹತ್ತಿರ ಬಂದರು. ಹುಡುಗಿ ಎಂದಿನಂತೆ ನನ್ನನ್ನು ಬಿಟ್ಟು ಮೇಜಿನ ಮೇಲಿನ ಅಂಕಪಟ್ಟಿ ನೋಡುತ್ತಿದ್ದಳು. ತಾಯಿಯ ಕಣ್ಣು ನನ್ನ ಮುಖದ ಮೇಲೆ ನಿಂತಿತು, ಈ ಮಿಸ್ಸಿಗೆ ಎಷ್ಟು ಗೊತ್ತು ಎಂದು ಹುಡುಕುವ ಹಾಗೆ. ನನ್ನ ಬಾಯಲ್ಲಿ ಏನೇನೋ ಮಾತು ಬಂದು ನಿಂತಿತ್ತು. ಬಂದಿರಲ್ಲ, ಒಳ್ಳೆಯದಾಯಿತು ಎನ್ನಬೇಕು ಅನ್ನಿಸಿತು. ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಎಲ್ಲವನ್ನೂ ನುಂಗಿಕೊಂಡೆ.

"ನಿಮ್ಮ ತಾಯಿಗೆ ಈಗ ಹೇಗಿದೆಯಮ್ಮ?" ಎಂದು ಕೇಳಿದೆ. "ತವರಿಗೆ ಹೋಗಿದ್ದೀರಿ ಅಂತ ಇವಳು ಹೇಳಿದ್ದಳು."

ಆಕೆ ಒಂದು ಉಸಿರು ಬಿಟ್ಟರು. "ಪರವಾಗಿಲ್ಲ ಮಿಸ್. ಈಗ ಹುಷಾರಾದ್ರು."

ಹುಡುಗಿ ಅಂಕಪಟ್ಟಿಯಿಂದ ತಲೆ ಎತ್ತಿ ನೇರವಾಗಿ ನನ್ನ ಮುಖ ನೋಡಿದಳು. ನೋಡುತ್ತಲೇ ನನ್ನ ಎದುರಿಗಿದ್ದ ಕುರ್ಚಿಯನ್ನು ಎಳೆದು ತಾಯಿಯ ಕಡೆ ತಿರುಗಿಸಿದಳು.

"ಕೂತ್ಕೋ ಅಮ್ಮ" ಎಂದಳು. "ನಮ್ಮ ಮಿಸ್ಸು ಎಲ್ಲಾ ನಿಧಾನವಾಗಿ ಹೇಳ್ತಾರೆ."